ಕಲ್ಲಿನ ಊರಿನ ಮರದ ಮನೆಗಳು

ವಿಜಯಪುರಕ್ಕೆ ಹೋಗಿಬಂದೆನೆಂದರೆ ಕೇಳುವವರು ಮೊದಲು ವಿಚಾರಿಸುವುದು ಗೋಲಗುಮ್ಮಟವನ್ನು. ಪಿಸುಮಾತು ಎಷ್ಟು ಸಲ ಮರಳಿ ಕೇಳಿಸಿತು ಎಂಬುದನ್ನು. ಈ ಸಲ ನಾನು ಗುಮ್ಮಟದ ಮೆಟ್ಟಿಲುಗಳನ್ನು ಏರಲೇ ಇಲ್ಲ. ಆ ಕಲ್ಲಿನ ಊರಿಗೆ ನಾನು ಹೋದದ್ದು ಮರವನ್ನು ನೋಡುವುದಕ್ಕಾಗಿ ಎಂದರೆ ವಾಚಕರು ನಕ್ಕಾರು. ಮರವನ್ನು ನೋಡಬೇಕೆಂಬವರು ದಾಂಡೇಲಿಗೋ ಶಿರಸಿಗೋ ಹೋಗಬೇಕಲ್ಲದೆ, ಹರದಾರಿ ನಡೆದರೂ ನೆರಳು ದೊರೆಯದ ಎರೆಯ ಬಯಲಿಗೆ ಹೋಗುವುದುಂಟೆ?

ಆದರೂ ಹೋದೆ. ಬಬಲೇಶ್ವರದ ಗೆಳೆಯರೊಬ್ಬರು ದೂರವಾಣಿಯಲ್ಲಿ ಆಡಿದ ಒಂದು ಮಾತು ಅದಕ್ಕೆ ಕಾರಣ. "ನಮ್ಮ ಹಳೇ ಮನಿ ಬಿಚ್ಚೂದು ಅಂತ ಮಾತಾಗೇದ್ರಿ. ನೋಡೂದಿದ್ರ ಮಳಿ ಹಿಡಿಯೂದ್ರೊಳಗ ಬಂದು ಹೋಗ್ರಿ" ಎಂದಿದ್ದರು. ಅವರ ಬಾಯಲ್ಲಿ ಬಂದ ಪದ 'ಬಿಚ್ಚುವುದು'. ಬರಿಯ ಗೋಡೆಯ ಮನೆಯನ್ನು ಕೆಡವುತ್ತಾರೆ. ಕಂಬ, ತೊಲೆ, ಜಂತಿಗಳ ಮನೆಯನ್ನು ಗಂಟು ಬಿಚ್ಚಿದಂತೆ ಒಂದೊಂದಾಗಿ ಬಿಚ್ಚುತ್ತಾರೆ. ವಿದ್ಯಾರ್ಥಿಯಾಗಿದ್ದಾಗ ಎರಡು ಬೇಸಿಗೆಗಳನ್ನು ನಾನು ಆ ಮನೆಯಲ್ಲಿ ಕಳೆದಿದ್ದೆ. ಅದರ ಪಡಸಾಲೆಯ ತಂಪಿನಲ್ಲಿ ಅಂಗಾತ ಮಲಗಿ ಜಂತಿಗಳನ್ನು ಎಣಿಸುತ್ತ ನಿದ್ದೆ ಹೋಗಿದ್ದೆ. ಆ ಜಂತಿಗಳು ಲಾರಿ ಏರುವ ಮೊದಲು ಇನ್ನೊಮ್ಮೆ ಎಣಿಸಬೇಕೆನಿಸಿತು.

ಬಿಜಾಪುರವೆಂದೂ ವಿಜಾಪುರವೆಂದೂ ಕರೆಯಿಸಿಕೊಂಡು, 2014ರ ನವೆಂಬರ್ 1ರಿಂದ ಸರಕಾರಿ ದಫ್ತರದಲ್ಲಿಯೂ ವಿಜಯಪುರವಾದ ನಗರವನ್ನು ನಾನು ತಲುಪಿದಾಗ ಇನ್ನೂ ನಸುಕು. ಗೆಳೆಯರು ತಮ್ಮ ಕೆಲಸ ಮುಗಿಸಿಕೊಂಡು ನನ್ನನ್ನು ಕರೆದೊಯ್ಯಲು ಬರುವುದು ಹತ್ತು ಗಂಟೆಗೆ. ನಡುವಿನ ಹೊತ್ತನ್ನು ಕಳೆಯುವುದಕ್ಕೆ ಅಸರ್ ಮಹಲಿಗಿಂತ ತಕ್ಕ ಸ್ಥಳ ಯಾವುದಿದ್ದೀತು? ಈ ಊರಿನ ದೊಡ್ಡ ಕಟ್ಟಡಗಳಲ್ಲಿ ಮರವನ್ನೇ ನೆಚ್ಚಿ ನಿಂತದ್ದು ಅದು.

ಅರಕಿಲ್ಲೆಯ ಪೂರ್ವಕ್ಕೆ, ಕಂದಕದ ಹೊರದಂಡೆಯ ಮೇಲೆ ಅಸರ್ ಮಹಲು ಮೂಡಣಕ್ಕೆ ಮುಖ ಮಾಡಿ ನಿಂತಿದೆ. ಮುಂದೆ ಚೌಕಾಕಾರದ ದೊಡ್ಡ ಹೊಂಡ. ಒಂದೊಂದು ಬದಿಯೂ ಸುಮಾರು 250 ಅಡಿ. 1646ರ ಸುಮಾರಿಗೆ ಇದನ್ನು ಕಟ್ಟಿಸಿದವನು ಮಹಮ್ಮದ ಆದಿಲಶಹಾ, ಗೋಲಗುಮ್ಮಟದಲ್ಲಿ ಮಲಗಿರುವ ಸುಲ್ತಾನ. ನ್ಯಾಯದಾನದ ಸಭೆಗೆಂದು ಕಟ್ಟಿಸಿದ್ದರಿಂದ ಮೊದಲು ಅದನ್ನು ದಾದ್ ಮಹಲ್ ಎಂದು ಕರೆಯುತ್ತಿದ್ದರು. ಬೆಳಗಿನ ಬಿಸಿಲು ಹೊಂಡದ ಕಡೆಯಿಂದ ಬಂದು ಆ ಮುಖಮಂಟಪದೊಳಗೆ ಬಿದ್ದಾಗ ಅಲ್ಲಿಯ ನಾಲ್ಕು ಕಂಬಗಳನ್ನು ನೋಡಬೇಕು. ಎರಡು ಅಂತಸ್ತಿನ ಎತ್ತರವನ್ನು ಒಂದೇ ನೆಗೆತಕ್ಕೆ ಏರಿ ಸೂರನ್ನು ಹೊತ್ತ ತೇಗದ ಕಂಬಗಳು. ಕಮಾನು ಗುಮ್ಮಟಗಳಲ್ಲಿ ಜಗತ್ತಿಗೇ ಪಾಠ ಹೇಳಬಲ್ಲ ಶಿಲ್ಪಿಗಳು, ಕಲ್ಲಿಗೆ ಬರವಿಲ್ಲದ ಈ ಊರಿನಲ್ಲಿ, ಅಷ್ಟು ಅಗಲದ ಮುಖವನ್ನು ಮರದ ಕೈಗೆ ಒಪ್ಪಿಸಿದರು. ನಮ್ಮ ಕಡೆಯ ಹಳ್ಳಿಯ ವಾಡೆಯ ಪಡಸಾಲೆಯನ್ನೇ ಹತ್ತು ಪಟ್ಟು ಹಿಗ್ಗಿಸಿ ಅರಸನ ಮುಂದೆ ಇಟ್ಟಂತೆ ನನಗೆ ಅದು ಕಾಣುತ್ತದೆ. ಪಂಡಿತರು ಈ ಮಾತನ್ನು ಒಪ್ಪುವರೋ ಇಲ್ಲವೋ. ಕಂಬದ ಬುಡದಲ್ಲಿ ಕುಳಿತವನಿಗೆ ಬೇರೆ ಏನೂ ತೋರುವುದಿಲ್ಲ.

ಮೇಲಂತಸ್ತಿನ ಕೋಣೆಗಳಲ್ಲಿ ಗೋಡೆಯ ಮೇಲೆ ಹೂದಾನಿ, ಬಳ್ಳಿ, ಮನುಷ್ಯರ ಚಿತ್ರಗಳು ಇದ್ದುವು. ಇಂದು ಬಹಳಷ್ಟು ಮಾಸಿವೆ, ಕೆಲವನ್ನು ಹಿಂದೆಯೇ ಕೆಡಿಸಲಾಗಿದೆ. ಪ್ರವಾದಿ ಮುಹಮ್ಮದರ ಗಡ್ಡದ ಕೂದಲೆಂದು ಭಕ್ತರು ನಂಬುವ ಪವಿತ್ರ ಅವಶೇಷವನ್ನು ಇಲ್ಲಿ ಇರಿಸಿದ ಮೇಲೆಯೇ ದಾದ್ ಮಹಲಿಗೆ ಅಸರ್ ಮಹಲ್ ಎಂಬ ಹೆಸರು ಬಂತು. ಆ ಕೋಣೆಗೆ ಹೆಂಗಸರು ಹೋಗಬಾರದೆಂಬುದು ಹಳೆಯ ಕಟ್ಟಳೆ. ವರ್ಷಕ್ಕೊಮ್ಮೆ ಉರುಸು ನಡೆಯುತ್ತದೆ. ಆದಿಲಶಾಹಿ ಗ್ರಂಥಭಂಡಾರದ ಉಳಿಕೆಯೂ ಇಲ್ಲಿಯೇ ಇತ್ತು. ಅರಬ್ಬಿ ಪಾರಸಿ ಭಾಷೆಗಳ ಆ ನಾಲ್ಕು ನೂರಕ್ಕೂ ಮಿಕ್ಕ ಹಸ್ತಪ್ರತಿಗಳು 1853ರಲ್ಲಿ ಲಂಡನ್ನಿಗೆ ಹೋದುವು. ನೆಲಕ್ಕೆ ಹಾಸಿದ್ದ ರತ್ನಗಂಬಳಿಗಳನ್ನು ನೋಡಬೇಕೆಂಬವರು ಗೋಲಗುಮ್ಮಟದ ಮುಂದಿರುವ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಪುಸ್ತಕ ಹೋಯಿತು, ಗಂಬಳಿ ಹೋಯಿತು. ಕಂಬಗಳು ಮಾತ್ರ ಇದ್ದಲ್ಲಿಯೇ ಇವೆ.

ಏಕೆ ಉಳಿದುವು ಎಂಬುದು ಅಲ್ಲಿಂದ ಎದ್ದು ಕಂದಕವನ್ನು ದಾಟಿ ಗಗನಮಹಲಿನವರೆಗೆ ನಡೆದಾಗ ತಿಳಿಯುತ್ತದೆ. ಗಗನಮಹಲನ್ನು 1561ರಲ್ಲಿ ಒಂದನೆಯ ಅಲಿ ಆದಿಲಶಹಾ ಕಟ್ಟಿಸಿದ. ಅದರ ನಡುಗಮಾನಿನ ಅಗಲ 60 ಅಡಿಗೂ ಹೆಚ್ಚು. ಕೆಳಗೆ ದರ್ಬಾರು, ಮೇಲೆ ಅರಮನೆಯವರ ವಾಸ. ಮೇಲಿನ ನೆಲ, ಸೂರು ಎಲ್ಲ ಮರದ್ದು. 1686ರಲ್ಲಿ ಸಿಕಂದರ ಆದಿಲಶಹಾ ಔರಂಗಜೇಬನಿಗೆ ಶರಣಾದ ಮೇಲೆ ಊರು ಪಾಳುಬಿತ್ತು. ಮುಂದಿನ ಕಾಲದಲ್ಲಿ ಅರಮನೆಗಳ ಮರವನ್ನೆಲ್ಲ ಕಿತ್ತು ಒಯ್ದರು. ಈಗ ಕಮಾನಿನ ಕೆಳಗೆ ನಿಂತು ತಲೆಯೆತ್ತಿದರೆ ಆಕಾಶವೇ ಕಾಣುತ್ತದೆ. ಕಲ್ಲಿಗೆ ಕೈಹಚ್ಚುವವರಿರಲಿಲ್ಲ, ಅದನ್ನು ಹೊತ್ತು ಏನು ಮಾಡುವುದು? ಮರಕ್ಕಾದರೋ ಎಲ್ಲ ಕಾಲದಲ್ಲಿಯೂ ಗಿರಾಕಿ ಉಂಟು. ಕಂದಕದ ಈಚೆಗೆ ಒಂದು, ಆಚೆಗೆ ಒಂದು. ಎರಡೂ ಒಂದೇ ಮನೆತನದವರ ಕಟ್ಟಡ, ಎರಡರಲ್ಲಿಯೂ ಮರವಿತ್ತು. ಒಂದರ ಬಾಗಿಲನ್ನು ವರುಷವರುಷವೂ ತೆರೆಯುವವರಿದ್ದರು, ದೀಪ ಹಚ್ಚುವವರಿದ್ದರು, ಸೋರಿದರೆ ಚಿಂತಿಸುವವರಿದ್ದರು. ಇನ್ನೊಂದಕ್ಕೆ ಅರಸನ ಹೊರತು ಯಾರೂ ಇರಲಿಲ್ಲ. ಈಗ ಎರಡಕ್ಕೂ ಕೇಂದ್ರದ ಪುರಾತತ್ವ ಇಲಾಖೆಯ ನೀಲಿ ಫಲಕವಿದೆ. ಅದು ಬರುವ ಮೊದಲಿನ ಇನ್ನೂರು ವರ್ಷಗಳ ಲೆಕ್ಕವನ್ನು ನಾನು ಹೇಳುತ್ತಿರುವುದು.

ಹತ್ತು ಗಂಟೆಗೆ ಗೆಳೆಯರು ಬಂದರು. ನೇರವಾಗಿ ಬಬಲೇಶ್ವರದ ದಾರಿ ಹಿಡಿಯುವ ಬದಲು ಪಶ್ಚಿಮಕ್ಕೆ ತೊರವಿ, ಟಿಕೋಟಾಗಳ ಮೇಲೆ ಹಾಯ್ದು ಅಡ್ಡರಸ್ತೆಯಿಂದ ಹೋಗೋಣವೆಂದು ಅವರೇ ಸೂಚಿಸಿದರು. ಟಿಕೋಟಾದ ಬಡಿಗೇರರೊಬ್ಬರನ್ನು ಅವರಿಗೆ ಕರೆತರಬೇಕಾಗಿತ್ತು.

ತೊರವಿಯೆಂದರೆ ರಾಮಾಯಣ ನೆನಪಾಗುತ್ತದೆ. ಕುಮಾರ ವಾಲ್ಮೀಕಿ ತನ್ನ ಕಾವ್ಯವನ್ನು ಇಲ್ಲಿಯ ನರಸಿಂಹನಿಗೆ ಅರ್ಪಿಸಿದ. ಆದಿಲಶಾಹಿಗಳನ್ನು ಬಲ್ಲವರಿಗೆ ನೆನಪಾಗುವುದು ನವರಸಪುರ. ಸಂಗೀತದ ಹುಚ್ಚಿನ ಎರಡನೆಯ ಇಬ್ರಾಹಿಮ 1599ರಲ್ಲಿ ಕಟ್ಟತೊಡಗಿದ ಈ ನಗರವನ್ನು ಮಲಿಕ ಅಂಬರನ ದಂಡು 1624ರಲ್ಲಿ ಹಾಳುಗೆಡವಿತು. ಗಗನಮಹಲಿನ ತಮ್ಮನಂತಿರುವ ಸಂಗೀತಮಹಲು ಮಾತ್ರ ಬಯಲಲ್ಲಿ ನಿಂತಿದೆ. ಅದರ ಒಳಗೋಡೆಗಳಲ್ಲಿ ತೊಲೆಗಳು ಕುಳಿತಿದ್ದ ತೂತುಗಳಿವೆ. ಆ ತೂತುಗಳಲ್ಲಿ ಈಗ ಪಾರಿವಾಳಗಳು. "ನಮ್ಮ ಗ್ವಾಡಿನೂ ಹಿಂಗ ಕಾಣ್ತಾವೇನ್ರಿ ಮುಂದ?" ಎಂದು ಗೆಳೆಯರು ಕೇಳಿದರು. ಮಣ್ಣಿನ ಗೋಡೆ ಮೂರು ಮಳೆಗಾಲಕ್ಕೆ ನೆಲಸಮವಾಗುತ್ತದೆಂದು ಅವರಿಗೂ ಗೊತ್ತು, ನನಗೂ ಗೊತ್ತು. ನಾನು ಸುಮ್ಮನಿದ್ದೆ.

ವಿಜಯಪುರದಿಂದ ಸುಮಾರು 20 ಕಿಲೋಮೀಟರಿನ ಟಿಕೋಟಾ ಈಗ ತಾಲೂಕಿನ ಊರು. ದಾರಿಯ ಎರಡೂ ಬದಿಗೆ ದ್ರಾಕ್ಷಿಯ ತೋಟಗಳು, ಹಣ್ಣನ್ನು ಒಣಗಿಸಿ ಮನೂಕ ಮಾಡುವ ಬಲೆಯ ಅಟ್ಟಣಿಗೆಗಳು. ನಾನು ಓದುತ್ತಿದ್ದಾಗ ಈ ಹೊಲಗಳಲ್ಲಿ ಜೋಳ, ಕುಸುಬೆಗಳನ್ನು ಬಿಟ್ಟರೆ ಬೇರೆ ಹಸಿರು ಕಂಡ ನೆನಪಿಲ್ಲ. ನೀರು ಬಂದಿದೆ, ಹಣ ಬಂದಿದೆ. ಹಣ ಬಂದಲ್ಲಿ ಹಳೆಯ ಮನೆ ಬಿಚ್ಚುತ್ತದೆ. ಇದನ್ನು ಆಕ್ಷೇಪಿಸುವ ಹಕ್ಕು, ತಾನು ಸಿಮೆಂಟಿನ ಮನೆಯಲ್ಲಿ ಮಲಗಿ ಏಳುವ ನನ್ನಂಥವನಿಗೆ ಇಲ್ಲ.

ಆ ದಾರಿಯಲ್ಲಿಯೇ ಹಳೆಯ ಮರ ಮಾರುವವನ ಒಂದು ಅಂಗಳ ಸಿಕ್ಕಿತು. ತಲಬಾಗಿಲ ಚೌಕಟ್ಟುಗಳು ಒಂದಕ್ಕೊಂದು ಒರಗಿದ್ದುವು. ಬೋದಿಗೆಗಳನ್ನು ಕುರಿಗಳಂತೆ ಸಾಲಾಗಿ ನೆಲದ ಮೇಲೆ ಕೂರಿಸಿದ್ದರು. ಗಿಳಿ, ತಾವರೆ, ನಾಗಮುರಿಗೆ, ಎಲ್ಲದರ ಮೇಲೂ ಧೂಳು. ಸಾದಾ ತೊಲೆಗೆ ಘನಅಡಿಯ ಲೆಕ್ಕ, ಕೆತ್ತನೆಗೆ ಬೇರೆ ದರ. ಒಯ್ಯುವವರು ಯಾರು? "ಪುಣೆದವ್ರು, ಬೆಂಗಳೂರದವ್ರು. ಹೋಟೆಲ್‌ಗೆ ಹಚ್ತಾರ್ರಿ" ಎಂದ. ಒಂದು ಮನೆಯ ಕಂಬಗಳನ್ನೆಲ್ಲ ಒಬ್ಬರೇ ಕೊಂಡದ್ದುಂಟೆ ಎಂದು ಕೇಳಿದೆ. ಆತ ನಕ್ಕು, "ಒಂದ ಕಡೆ ಎಲ್ಲಿ ಹೋಗ್ತಾವ್ರಿ, ಒಂದೊಂದ ಊರಿಗೆ ಒಂದೊಂದ" ಎಂದ. ನನ್ನ ಗೆಳೆಯರು ಗಾಡಿಯಿಂದ ಇಳಿದಿರಲಿಲ್ಲ.

ಈ ಅಂಗಳ ತುಂಬುವುದಕ್ಕೆ ಹಣವೊಂದೇ ಕಾರಣವಲ್ಲ. 2009ರ ಸೆಪ್ಟೆಂಬರ್ ಕೊನೆಯ, ಅಕ್ಟೋಬರ್ ಮೊದಲ ದಿನಗಳ ಮಳೆಯನ್ನು ಉತ್ತರ ಕರ್ನಾಟಕದವರು ಮರೆಯಲಾರರು. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಸೀಮೆಗೆಂದು ಹಿರಿಯರು ಕಂಡುಕೊಂಡ ಮಣ್ಣಿನ ಮಾಳಿಗೆಯ ಮೇಲೆ ದಿನಗಟ್ಟಲೆ ಬಿಡದೆ ಹೊಯ್ದಿತು. ಡೋಣಿ ಉಕ್ಕಿತು. ನೆನೆದ ಮಣ್ಣಿನ ಭಾರಕ್ಕೆ ಮನೆಗಳು ಕುಸಿದುವು, ಜನ ಸತ್ತರು. ಸರಕಾರ 'ಆಸರೆ'ಯ ಮನೆಗಳನ್ನು ಕಟ್ಟಿಸಿತು. ಅಂದಿನಿಂದ ಮೋಡ ಕವಿದರೆ ಮಾಳಿಗೆ ಮನೆಯ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಹೊರಗೆ ಬರುವುದನ್ನು ನಾನೇ ಕಂಡಿದ್ದೇನೆ. ಅದಕ್ಕೂ ಮೊದಲು, 1993ರ ಸೆಪ್ಟೆಂಬರ್ 30ರಂದು ಗಡಿಯಾಚೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಸಾವಿರಾರು ಜನ ಮಣ್ಣಿನಡಿ ಹೂತುಹೋದರು. ಹಳೆಯ ಮನೆಗಳ ಮೇಲಿನ ಪ್ರೀತಿಯನ್ನು ಬರೆಯುವವರು ಈ ಎರಡು ದಿನಾಂಕಗಳನ್ನು ನುಂಗಿಕೊಂಡು ಬರೆಯಬಾರದು.

ಆದರೆ ಕಿಲ್ಲಾರಿಯನ್ನು ಪರೀಕ್ಷಿಸಿದ ಇಂಜಿನಿಯರರು ಇನ್ನೊಂದನ್ನೂ ಕಂಡರು. ಗೋಡೆಯ ತಲೆಯ ಮೇಲೆಯೇ ಸೂರು ಕೂತಿದ್ದ ಮನೆಗಳು ಪೂರ್ತಿ ನೆಲಕ್ಕಿಳಿದುವು. ಒಳಗೆ ಮರದ ಕಂಬ ತೊಲೆಗಳ ಚೌಕಟ್ಟು ಇದ್ದ ಮನೆಗಳಲ್ಲಿ ಎಷ್ಟೋ ಕಡೆ ಗೋಡೆಗಳು ಬಿದ್ದರೂ ಸೂರು ಕಂಬಗಳ ಮೇಲೆ ನಿಂತೇ ಇತ್ತು. ಸಾವಿಗೆ ಮುಖ್ಯ ಕಾರಣ ಮಣ್ಣಿನಲ್ಲಿ ಕೂಡಿಸಿದ ಗುಂಡುಕಲ್ಲಿನ ಗೋಡೆ, ಮತ್ತು ವರುಷವರುಷಕ್ಕೂ ಹಳೆಯದನ್ನು ತೆಗೆಯದೆ ಹೊಸದನ್ನೇ ಹೇರುತ್ತ ಹೋದ ಮಾಳಿಗೆಯ ಮಣ್ಣು. ಮಾಳಿಗೆಯನ್ನು ಕಟ್ಟಿದ ಹಿರಿಯರ ಕಟ್ಟಳೆ ಹಾಗಿರಲಿಲ್ಲ. ಅದನ್ನು ನಾನು ಕಲಿತದ್ದು ಬಬಲೇಶ್ವರದ ಆ ಮನೆಯಲ್ಲಿ.

ಮನೆಯನ್ನು ತಲುಪಿದಾಗ ಬಿಸಿಲು ನೆತ್ತಿಯ ಮೇಲಿತ್ತು. ತಲಬಾಗಿಲಿಗೆ ಎರಡೂ ಬದಿ ಕಟ್ಟೆ. ಹೊಸ್ತಿಲು ಎತ್ತರ, ಮೇಲ್ಪಟ್ಟಿ ತಗ್ಗು, ಒಳಗೆ ಹೋಗುವವನು ಅರಸನಾದರೂ ತಲೆ ಬಾಗಿಸಲೇಬೇಕು. ನಾನು ಬಾಗಿಸಲಿಲ್ಲ; ಮೂವತ್ತು ವರ್ಷಗಳ ಹಿಂದೆ ಬಡಿದುಕೊಂಡಲ್ಲಿಯೇ ಹಣೆ ಬಡಿದುಕೊಂಡೆ. "ಮರಿತ್ಯೇನೊ ತಮ್ಮಾ" ಎಂದು ಒಳಗಿನ ಕತ್ತಲಿನಿಂದ ಗೆಳೆಯರ ತಾಯಿಯ ನಗು ಕೇಳಿಸಿತು. ಅವರಿಗೆ ಈಗ ಎಂಬತ್ತರ ಮೇಲಾಗಿದೆ.

ಒಳಗೆ ಮೊದಲು ತಗ್ಗಿನ ನೆಲ, ದನ ಕಟ್ಟುವ ಜಾಗ. ಈಗ ಅಲ್ಲಿ ಎರಡು ಮೋಟಾರು ಸೈಕಲ್ಲುಗಳಿದ್ದುವು. ಅಲ್ಲಿಂದ ಎರಡು ಮೆಟ್ಟಿಲೇರಿದರೆ ಪಡಸಾಲೆ, ಅದರಾಚೆ ನಡುಮನೆ, ಅಡಿಗೆಮನೆ, ದೇವರಕೋಣೆ. ಒಟ್ಟು ಹನ್ನೆರಡು ಅಂಕಣ. ನಾಲ್ಕು ಕಂಬಗಳ ನಡುವಿನ ಜಾಗ ಒಂದು ಅಂಕಣ. ಈ ಸೀಮೆಯಲ್ಲಿ ಮನೆಯನ್ನು ಅಂಕಣದಿಂದಲೇ ಅಳೆಯುತ್ತಿದ್ದರು. ಅಡಿಗಲ್ಲಿನ ಮೇಲೆ ಕಂಬ, ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯಿಂದ ತೊಲೆಗೆ ಒತ್ತೊತ್ತಾಗಿ ಜಂತಿ. ಜಂತಿಯ ಮೇಲೆ ಹಲಗೆ, ಅದರ ಮೇಲೆ ಬೇವಿನ ಸೊಪ್ಪು, ಆಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ನೀರನ್ನು ಒಳಗೆ ಬಿಡದ ಕರಲು ಮಣ್ಣಿನ ಹೊದಿಕೆ. ಎರಡು ಅಡಿಗೂ ದಪ್ಪದ ಗೋಡೆ ಬಿಸಿಲನ್ನೂ ಕಳ್ಳನನ್ನೂ ತಡೆಯುತ್ತದೆ. ಸೂರನ್ನು ಹೊರುವ ಕೆಲಸ ಕಂಬಗಳದು. ಹೊರಗೆ ನಲವತ್ತು ಡಿಗ್ರಿಯ ಧಗೆಯಿದ್ದರೆ ಒಳಗೆ ಪಂಖ ಬೇಡ. ಸೂರಿನ ಬೆಳಕಿಂಡಿಯಿಂದ ಇಳಿದ ಬಿಸಿಲಿನ ಕೋಲು ಪಡಸಾಲೆಯ ನೆಲದ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಗಡಿಯಾರ ನೋಡದೆ ಆ ಕೋಲನ್ನು ನೋಡಿಯೇ ಆ ತಾಯಿ ರೊಟ್ಟಿಗೆ ಹಿಟ್ಟು ನಾದಲು ಏಳುತ್ತಿದ್ದುದು ನನಗೆ ನೆನಪಿದೆ.

ಊಟವಾದ ಮೇಲೆ ಆ ತಾಯಿಯ ಹತ್ತಿರ ಕುಳಿತು ಮಾಳಿಗೆಯ ವಿಷಯವನ್ನು ಕೇಳಿದೆ. ರೋಹಿಣಿ ಮಳೆ ಬೀಳುವ ಮೊದಲು ಮನೆಯ ಗಂಡಸರೆಲ್ಲ ಮೇಲೇರಿ ಹುಲ್ಲು ಕಿತ್ತು, ಸಡಿಲಾದ ಹಳೆಯ ಮಣ್ಣನ್ನು ಕೆರೆದು ಕೆಳಗೆ ಸುರಿಯಬೇಕು. ಎಷ್ಟು ಬುಟ್ಟಿ ಇಳಿಯಿತೋ ಅಷ್ಟೇ ಬುಟ್ಟಿ ಹೊಸ ಕರಲು ಏರಬೇಕು. ಒಂದು ಬುಟ್ಟಿ ಹೆಚ್ಚಾದರೂ ಅವರ ಮಾವನವರು ಕೆಳಗಿನಿಂದಲೇ ಕೂಗುತ್ತಿದ್ದರಂತೆ. ಮಳೆ ಬಿದ್ದ ರಾತ್ರಿ ಸೋರಿದಲ್ಲಿ ಕೆಳಗೆ ಪಾತ್ರೆಯಿಟ್ಟು ಮಲಗುವುದಲ್ಲ. ಕಂದೀಲು ಹಿಡಿದು ಮೇಲೇರಿ ಆ ತೂತನ್ನು ಕಾಲಿಂದ ತುಳಿದು ಮುಚ್ಚಬೇಕು. ದೀಪಾವಳಿಗೆ ಕಂಬಗಳಿಗೆ ಎಣ್ಣೆ. ಒಲೆಯ ಹೊಗೆ ಜಂತಿಗಳ ನಡುವೆ ಸುಳಿದು ಬೆಳಕಿಂಡಿಯಿಂದ ಹೊರಹೋಗುತ್ತಿತ್ತು. ಕರಿಹಿಡಿದ ಮರಕ್ಕೆ ಹುಳು ಹತ್ತುತ್ತಿರಲಿಲ್ಲ. "ಗ್ಯಾಸ್ ಬಂತು, ಹೊಗಿ ಹ್ವಾತು. ಹೊಗಿ ಹ್ವಾದ ಮ್ಯಾಲ ಗೊರಲಿ ಬಂತು ತಮ್ಮಾ. ಗ್ಯಾಸ್ ಬ್ಯಾಡಂತ ನಾ ಅನ್ನಾಂಗಿಲ್ಲ. ನಲವತ್ತ ವರ್ಷ ಆ ಹೊಗಿ ಕುಡದಾಕಿ ನಾನ" ಎಂದರು.

ಮನೆ ಬಿಚ್ಚುವ ಮಾತು ಬಂದದ್ದು ಗೊರಲೆಯಿಂದಲ್ಲ, ಪಾಲಿನಿಂದ. ನಾಲ್ವರು ಅಣ್ಣತಮ್ಮಂದಿರು, ಹನ್ನೆರಡು ಅಂಕಣವನ್ನು ನಾಲ್ಕರಿಂದ ಭಾಗಿಸಿದರೆ ತಲೆಗೆ ಮೂರು. ಕಾಗದದ ಮೇಲೆ ಇಷ್ಟು ಸುಲಭವಾದ ಲೆಕ್ಕ ಇನ್ನೊಂದಿಲ್ಲ. ಹೊಲಕ್ಕೆ ಬದು ಹಾಕಬಹುದು, ಅಂಗಳಕ್ಕೆ ಗೋಡೆ ಹಾಕಬಹುದು, ಬಾವಿಯ ನೀರಿಗೆ ಸರದಿ ಹಚ್ಚಬಹುದು. ಆದರೆ ಅಣ್ಣನ ಅಂಕಣದಲ್ಲಿ ಹುಟ್ಟಿದ ತೊಲೆ ತಮ್ಮನ ಕಂಬದ ಮೇಲೆ ಹೋಗಿ ಮಲಗಿದೆ. ಅದನ್ನು ಎಲ್ಲಿ ಹಂಚುವುದು? ಅದೇ ಓಣಿಯ ಇನ್ನೊಂದು ಮನೆಯಲ್ಲಿ ಒಬ್ಬರು ತಮ್ಮ ಪಾಲಿನ ಗೆರೆಗೆ ಸರಿಯಾಗಿ ತೊಲೆಯನ್ನು ಗರಗಸದಿಂದ ಕೊಯ್ಯಿಸಿ, ತಮ್ಮ ಭಾಗದಲ್ಲಿ ಆರ್‌ಸಿಸಿ ಮನೆ ಕಟ್ಟಿಸಿದ್ದರು. ಉಳಿದ ಅರ್ಧದ ತೊಲೆಗಳು ಆಧಾರವಿಲ್ಲದೆ ಜಗ್ಗಿ, ಮಾಳಿಗೆ ಬಟ್ಟಲಿನಂತೆ ಕುಸಿದು ನಿಂತಿತ್ತು. ಅದನ್ನು ತೋರಿಸಿದ ಗೆಳೆಯರು, "ಇದಕ್ಕಿಂತ ಪೂರಾ ಬಿಚ್ಚೂದು ಚೊಲೋ ಅಲ್ಲೇನ್ರಿ" ಎಂದರು. ಅಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ.

ಮಾಳಿಗೆಯ ಮಣ್ಣಿನದೂ ಅದೇ ಕಥೆ. ಕರಲು ತರಿಸುವ ಖರ್ಚನ್ನು ಹಿರಿಯಣ್ಣ ಕೊಡುವುದೋ, ಪುಣೆಯಲ್ಲಿ ನೌಕರಿಗಿರುವ ಕಿರಿಯ ತಮ್ಮ ಕೊಡುವುದೋ? ತನ್ನ ಮೂರು ಅಂಕಣಗಳ ಮೇಲೆ ಅವನು ತಾಡಪತ್ರಿ ಹೊದಿಸಿ ಹೋಗಿದ್ದಾನೆ. ಮೂರನೆಯವನು ಸೋರುವುದಕ್ಕೆ ಬೇಸತ್ತು ಮಣ್ಣಿನ ಮೇಲೆಯೇ ಎರಡು ಅಂಗುಲ ಕಾಂಕ್ರೀಟು ಹಾಸಿಸಿದ್ದಾನೆ. ಭಾರವೂ ಹೆಚ್ಚಿತು, ಒಳಗಿನ ತೇವ ಹೊರಬರುವ ದಾರಿಯೂ ಮುಚ್ಚಿತು. ಅವನ ಪಾಲಿನ ಜಂತಿಗಳನ್ನು ಉಗುರಿನಿಂದ ಒತ್ತಿದರೆ ಹಿಟ್ಟು ಉದುರುತ್ತದೆ. ಯಾರೂ ಕೆಟ್ಟವರಲ್ಲ. ನಾಲ್ವರೂ ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುವವರು.

ಕಾನೂನು ಇಂಥಲ್ಲಿಗೆ ಬರುವುದಿಲ್ಲ. ಅಸರ್ ಮಹಲಿಗೆ 1958ರ ಕೇಂದ್ರದ ಶಾಸನವಿದೆ. ರಾಜ್ಯದ 1961ರ ಶಾಸನ ಬೇರೆ ಇದೆ. ಅವು ಕಾಯುವುದು ಘೋಷಿತವಾದ ಸ್ಮಾರಕಗಳನ್ನು. ಮಂದಿ ಸಂಸಾರ ಮಾಡುವ ಮನೆಯನ್ನು ಹೀಗೆ ಘೋಷಿಸುತ್ತ ಹೋದರೆ ಸಂಸಾರ ಮಾಡುವವರು ಓಡಿಹೋದಾರು ಎಂಬ ಮಾತಿನಲ್ಲಿಯೂ ಅರ್ಥವಿದೆ. ಇನ್ನೊಂದು ದಾರಿ ಮಣಿಪಾಲದ್ದು. ವಿಜಯನಾಥ ಶೆಣೈ ಅವರು ಅಲ್ಲಿ ಕಟ್ಟಿದ ಪರಂಪರೆಯ ಗ್ರಾಮದಲ್ಲಿ ನಾಡಿನ ಬೇರೆಬೇರೆ ಕಡೆಯ ಮನೆಗಳನ್ನು ಬಿಚ್ಚಿ ಒಯ್ದು, ಗುರುತು ಹಚ್ಚಿದ ತುಂಡುಗಳನ್ನು ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ನಮ್ಮ ಬಯಲುಸೀಮೆಯ ಕುಕನೂರಿನ ಕಮಲಮಹಲೂ ಅಲ್ಲಿದೆ. ಗೆಳೆಯರ ಎರಡನೆಯ ತಮ್ಮ ಅದನ್ನು ನೋಡಿ ಬಂದಿದ್ದರು. "ಭಾಳ ಚೆಂದ ಇಟ್ಟಾರ್ರಿ. ಆದ್ರ ಹೊರಗ ಸಮುದ್ರದ ಮಳಿ, ಒಳಗ ನಮ್ಮ ಕಂಬ. ಒಂದ ಥರಾ ಆತು" ಎಂದರು. ಶೆಣೈಯವರು ಇಲ್ಲದಿದ್ದರೆ ಆ ಕಂಬಗಳೂ ಹೋಟೆಲಿಗೆ ಹೋಗುತ್ತಿದ್ದುವೆಂದು ನಾನು ವಾದಿಸಿದೆ. ಅವರು ಒಪ್ಪಿದರು, ಒಪ್ಪಿಯೂ ಮುಖ ಸಪ್ಪಗೆ ಮಾಡಿಕೊಂಡರು.

ಅಷ್ಟರಲ್ಲಿ ನಮ್ಮ ಜೊತೆಗೆ ಬಂದಿದ್ದ ಬಡಿಗೇರರು ತಮ್ಮ ಕೆಲಸವನ್ನು ಮುಗಿಸಿದ್ದರು. ಎಪ್ಪತ್ತು ದಾಟಿದ ಅವರನ್ನು ಮನೆಯವರೆಲ್ಲ ಕಾಕಾ ಎನ್ನುತ್ತಿದ್ದರು. ಅವರನ್ನು ಕರೆತಂದದ್ದು ಮನೆ ಬಿಚ್ಚಿದರೆ ಎಷ್ಟು ಮರ ದೊರೆತೀತೆಂದು ಅಂದಾಜು ಮಾಡುವುದಕ್ಕೆ. ಬಾಚಿಯ ಹಿಂಬದಿಯಿಂದ ಒಂದೊಂದು ಕಂಬವನ್ನೂ ಬುಡದಲ್ಲಿ, ನಡುವಿನಲ್ಲಿ, ಬೋದಿಗೆಯ ಕೆಳಗೆ ತಟ್ಟಿ, ವೈದ್ಯ ಎದೆಗೆ ಕಿವಿಯಿಟ್ಟಂತೆ ಕೇಳುತ್ತ ಬಂದಿದ್ದರು. ಎರಡು ಕಂಬಗಳ ಹತ್ತಿರ ಬಹಳ ಹೊತ್ತು ಕುಳಿತರು. ಆಮೇಲೆ ಹೇಳಿದ್ದು ಮರದ ಅಳತೆಯನ್ನಲ್ಲ.

"ಕಂಬಕ್ಕ ಮುಪ್ಪು ಬಂದಿಲ್ರಿ, ಕಾಲಿಗೆ ನೀರು ಹತ್ತೇದ. ಫರಸಿ ಹಾಸಿದವ್ರು ಅಡಿಗಲ್ಲ ಮುಚ್ಚಿಬಿಟ್ಟಾರ."

ಹಿಂದೆ ಪಡಸಾಲೆಗೆ ಸಗಣಿಯ ನೆಲವಿತ್ತು. ಕಂಬದ ಅಡಿಗಲ್ಲು ನೆಲದಿಂದ ಒಂದು ಗೇಣು ಮೇಲೆ ಇರುತ್ತಿತ್ತು. ಮದುವೆಯೊಂದಕ್ಕಾಗಿ ನೆಲವನ್ನು ಎತ್ತರಿಸಿ ಫರಸಿ ಹಾಸಿದಾಗ ಕಲ್ಲು ಒಳಗೆ ಸೇರಿತು, ಮರ ನೆಲಕ್ಕೆ ತಾಗಿತು. ನೆಲ ತೊಳೆದ ನೀರನ್ನೆಲ್ಲ ಇಪ್ಪತ್ತು ವರ್ಷ ಆ ಕಂಬಗಳು ಕುಡಿದಿವೆ. ಇದಕ್ಕೆ ಮದ್ದು ಏನೆಂದು ಕೇಳಿದೆ. ಕಾಕಾ ಬೆರಳಿಂದ ಗಾಳಿಯಲ್ಲಿ ಗೆರೆ ಎಳೆದು ವಿವರಿಸಿದರು. ಕಂಬದ ಎರಡೂ ಬದಿಗೆ ತೊಲೆಗೆ ಆನಿಕೆ ಕೊಟ್ಟು, ಜಾಕಿನಿಂದ ಕೂದಲೆಳೆಯಷ್ಟು ಎತ್ತುವುದು. ಹೆಚ್ಚು ಎತ್ತಿದರೆ ಮಾಳಿಗೆ ಒಡೆಯುತ್ತದೆ. ಕಂಬದ ಮೇಲಿನ ಭಾರ ಹೋದ ಮೇಲೆ ಕೊಳೆತ ಕಾಲನ್ನು ಗಟ್ಟಿ ಮರ ಸಿಕ್ಕುವವರೆಗೆ ಕೊಯ್ಯುವುದು. ಕೊಯ್ದಷ್ಟು ಎತ್ತರದ ಹೊಸ ಅಡಿಗಲ್ಲನ್ನು ಕೂರಿಸಿ, ಕಂಬವನ್ನು ಅದರ ಮೇಲೆ ಇಳಿಸುವುದು. ಎರಡು ಕಂಬಕ್ಕೆ ನಾಲ್ಕು ದಿನ, ಮೂರು ಆಳು. ಮಾಳಿಗೆಯನ್ನು ಕೆರೆದು ಹಗುರ ಮಾಡದೆ ತಾವು ಜಾಕು ಹಚ್ಚುವುದಿಲ್ಲ ಎಂದೂ ಹೇಳಿದರು. ಈ ಕೆಲಸ ಬಲ್ಲವರು ಇನ್ನು ಯಾರಿದ್ದಾರೆ ಎಂದುದಕ್ಕೆ, ತಮ್ಮ ಮಗ ಪ್ಲೈವುಡ್ಡಿನ ಕಪಾಟು ಮಾಡುತ್ತಾನೆ, ಚೆನ್ನಾಗಿ ಗ್ವಾಳೆ ಮಾಡಿಕೊಂಡಿದ್ದಾನೆ ಎಂದು ಸಂತೋಷದಿಂದಲೇ ತಿಳಿಸಿದರು.

ಆ ರಾತ್ರಿ ಪಡಸಾಲೆಯಲ್ಲಿ ಮೂವರು ಅಣ್ಣತಮ್ಮಂದಿರು ಕುಳಿತರು. ನಾಲ್ಕನೆಯವನು ಪುಣೆಯಿಂದ ಫೋನಿನಲ್ಲಿ ಇದ್ದ. ಮರದ ವ್ಯಾಪಾರಿ ಹೇಳಿದ್ದ ಮೊತ್ತ, ಹೊಸ ಮನೆಗೆ ಬೇಕಾಗುವ ಮೊತ್ತ, ಕಾಕಾ ಹೇಳಿದ ಮೊತ್ತ ಮೂರನ್ನೂ ಒಂದು ಕಾಗದದ ಮೇಲೆ ಬರೆದರು. ಮೂರನೆಯ ಮೊತ್ತ ಎಲ್ಲಕ್ಕೂ ಸಣ್ಣದು. ಆದರೆ ಅದು ಈ ವರ್ಷದ್ದು ಮಾತ್ರ. ಮುಂದಿನ ವರ್ಷ ಕರಲು, ಅದರ ಮುಂದಿನ ವರ್ಷ ಮತ್ತೆ ಕರಲು. ಹಿರಿಯರು ಅದನ್ನೇ ಹೇಳಿದರು, ಫೋನಿನ ತಮ್ಮನೂ ಅದನ್ನೇ ಹೇಳಿದ. ತಾಯಿ ಗೋಡೆಗೆ ಒರಗಿ ಜಪಮಣಿ ಎಣಿಸುತ್ತಿದ್ದರು. ಅವರನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತೆಂದು ಎಲ್ಲರಿಗೂ ತಿಳಿದಿತ್ತು. ನಡುರಾತ್ರಿಯ ಹೊತ್ತಿಗೆ ಇತ್ಯರ್ಥವಾದದ್ದು ಇಷ್ಟೇ: ಬಿಚ್ಚುವುದೋ ಬಿಡುವುದೋ ದೀಪಾವಳಿಗೆ ನೋಡೋಣ, ಎರಡು ಕಂಬದ ಕಾಲನ್ನು ಮಳೆಗೆ ಮೊದಲು ಸರಿಪಡಿಸೋಣ. ಮಳೆಗೆ ಮೊದಲು ಏನೂ ಮಾಡದಿದ್ದರೆ ಉಳಿದುದನ್ನು ಮಳೆಯೇ ಇತ್ಯರ್ಥ ಮಾಡುತ್ತಿತ್ತು.

ಎಲ್ಲರೂ ಎದ್ದ ಮೇಲೆ ನಾನು ಹಳೆಯ ಜಾಗದಲ್ಲಿಯೇ ಹಾಸಿಗೆ ಬಿಡಿಸಿ ಅಂಗಾತ ಮಲಗಿದೆ. ಪಡಸಾಲೆಯ ನಡು ಅಂಕಣದಲ್ಲಿ ಹತ್ತೊಂಬತ್ತು ಜಂತಿ. ವಿದ್ಯಾರ್ಥಿಯಾಗಿದ್ದಾಗ ಇಪ್ಪತ್ತು ಎಣಿಸಿದ್ದೆನೆಂದು ನನ್ನ ನೆನಪು. ಬೆಳಿಗ್ಗೆ ಕೇಳಿದರೆ, ಒಂದು ಜಂತಿಯನ್ನು ತೊಟ್ಟಿಲಿಗೆಂದು ಬಳಸಿದೆವೆಂದು ಆ ತಾಯಿ ಹೇಳಿದರು.

ಜೂನ್ ಎರಡನೆಯ ವಾರ ಗೆಳೆಯರು ದೂರವಾಣಿ ಮಾಡಿದರು. ಕಂಬಗಳಿಗೆ ಹೊಸ ಅಡಿಗಲ್ಲು ಬಂದಿತ್ತು. ಆರು ಅಂಕಣದ ಮಾಳಿಗೆಯನ್ನು ಕೆರೆದಾಗ ಇಳಿದ ಹಳೆಯ ಮಣ್ಣು ನಾಲ್ಕು ಟ್ರ್ಯಾಕ್ಟರು. ಅಷ್ಟು ಭಾರವನ್ನು ತಲೆಯ ಮೇಲೆ ಹೊತ್ತುಕೊಂಡು ತಾವು ಇಷ್ಟು ವರ್ಷ ನಿದ್ದೆ ಮಾಡಿದೆವಲ್ಲ ಎಂದು ಅವರಿಗೇ ಆಶ್ಚರ್ಯ. ಕಾಂಕ್ರೀಟಿನ ಮೂರು ಅಂಕಣ ಹಾಗೆಯೇ ಇದೆ. ಪುಣೆಯವನ ಮೂರು ಅಂಕಣಗಳ ಮೇಲೆ ತಾಡಪತ್ರಿಯನ್ನು ಹೊಸದಾಗಿ ಹೊದಿಸಿದ್ದಾರೆ. ಗಾಳಿಗೆ ಹಾರಬಾರದೆಂದು ಅದರ ಅಂಚಿಗೆ ಹಳೆಯ ಬೀಸುವ ಕಲ್ಲುಗಳನ್ನು ಹೇರಿದ್ದಾರಂತೆ.